ಮೊದಲ ಗುದ್ದಲಿ

ಸಣ್ಣಸ್ವಾಮಿಗೆ ಕನಿಕರ ಇರಲಿಲ್ಲ. ಊರಿನಲ್ಲಿ ಯಾರೂ ಇದನ್ನು ದೋಷವೆಂದು ಎಣಿಸಿರಲಿಲ್ಲ. ಯಜಮಾನಿಕೆ ಮಾಡುವವನಿಗೆ ಕನಿಕರ ಇದ್ದರೆ ಕೆಲಸ ಕೆಡುತ್ತದೆ ಎಂದೇ ಎಲ್ಲರ ಅಭಿಪ್ರಾಯ. ಪರರ ಪೈರಿಗೆ ಬಾಯಿ ಹಾಕಿದ ದನವನ್ನು ಅವನು ಯಾರ ಮನೆಯದೆಂದು ಕೇಳದೆ ದೊಡ್ಡಿಗೆ ಅಟ್ಟುತ್ತಿದ್ದ. ಒಮ್ಮೆ ಸ್ವಂತ ಭಾವಮೈದುನನ ಎತ್ತನ್ನೂ ಅಟ್ಟಿದ್ದ. ಅದರಿಂದ ಅವನ ಹೆಸರು ಇನ್ನಷ್ಟು ಗಟ್ಟಿಯಾಯಿತು.

ಅವನ ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಕೆಲವು ಒಕ್ಕಲುಗಳು ಬಂದು ಕುಶಾಲನಗರದ ಆಚೆ, ಕಾವೇರಿಯ ದಂಡೆಯ ಮೇಲೆ ಕಾಡು ಕಡಿದು ನೆಲೆ ನಿಂತಿದ್ದವು. ಕೊಡಗು ಎಂದರೆ ಮಳೆ ಎನ್ನುವವರು ಈ ಅಂಚನ್ನು ನೋಡಿದವರಲ್ಲ. ಮಡಿಕೇರಿಯ ಬೆಟ್ಟದಲ್ಲಿ ದಿನವಿಡೀ ಸುರಿಯುವ ಮಳೆ ಸುಂಟಿಕೊಪ್ಪಕ್ಕೆ ಇಳಿಯುವಷ್ಟರಲ್ಲಿ ತೆಳ್ಳಗಾಗುತ್ತದೆ. ಇಲ್ಲಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಳೆ ಮಾತ್ರ ಬೇರೆಯವರ ಮಳೆ ಹೊತ್ತು ಕೆಂಪಗೆ ತುಂಬಿ ಹರಿಯುತ್ತಿರುತ್ತದೆ, ಪಕ್ಕದಲ್ಲೇ ಹೊಲ ಬಿರುಕು ಬಿಟ್ಟಿರುತ್ತದೆ. ದಂಡೆ ಎತ್ತರ. ನೀರನ್ನು ಮೇಲಕ್ಕೆ ತರುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ.

ಬರುವಾಗ ಅವರು ನೇಗಿಲು, ರಾಗಿ ಬೀಜಗಳ ಜೊತೆಗೆ ಒಂದು ನಂಬಿಕೆಯನ್ನೂ ತಂದಿದ್ದರು. ತೊನ್ನು ಹತ್ತಿದವರನ್ನು ಹೂಳಬಾರದು, ಸುಡಬೇಕು. ಮೈ ಬೆಳ್ಳಗಾದವರ ಹೆಣ ಮಣ್ಣಿನಲ್ಲಿದ್ದರೆ ಮೋಡ ಅದನ್ನು ಕಂಡು ಹಿಂದಕ್ಕೆ ತಿರುಗುತ್ತದೆ. ತಪ್ಪಿ ಹೂತಿದ್ದರೆ ಅಗೆದು ತೆಗೆದು ಹೊಳೆಗೆ ಬಿಡಬೇಕು. ಮಡಿಕೇರಿ ಕಡೆಯ ಜನ ಇದನ್ನು ಕೇಳಿ ನಗುತ್ತಿದ್ದರು. ಅವರಿಗೆ ಮಳೆ ಯಾವಾಗ ನಿಲ್ಲುತ್ತದೆ ಎಂಬುದೇ ಚಿಂತೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲದಲ್ಲಿ, ಒಂದು ವರ್ಷ, ಆರಿದ್ರಾ ಮಳೆ ಮುಗಿಯುತ್ತ ಬಂದರೂ ಊರಿಗೆ ಹನಿ ಬೀಳಲಿಲ್ಲ. ಹಿಂದಿನ ಚಳಿಗಾಲದಲ್ಲಿ ಮಲ್ಲ ಎಂಬ ಬಡ ಒಕ್ಕಲು ಸತ್ತಿದ್ದ. ಅವನ ಎರಡೂ ಕೈ ತೊನ್ನಿನಿಂದ ಬೆಳ್ಳಗಾಗಿದ್ದುದು ಊರಿಗೆಲ್ಲ ಗೊತ್ತಿತ್ತು. ಆದರೆ ಚಳಿಗಾಲದಲ್ಲಿ ಮಳೆಯ ಯೋಚನೆ ಯಾರಿಗಿರುತ್ತದೆ? ಸೌದೆ ಹೊಂದಿಸುವ ತಾಪತ್ರಯ ಬೇಡವೆಂದು ಹೂತು ಬಂದಿದ್ದರು. ಈಗ ಎಲ್ಲರಿಗೂ ನೆನಪಾಯಿತು.

ಸಣ್ಣಸ್ವಾಮಿ ಮುಂದೆ ನಿಂತು ಅಗೆಸಿದ. ಬೇರೆಯವರು ಮೊದಲು ಕೈ ಹಾಕಿದರೆ ಸತ್ತವನು ಅವರ ಮನೆ ಹಿಡಿದಾನೆಂದು ಜನ ಹಿಂಜರಿದಾಗ, ಮೊದಲ ಗುದ್ದಲಿಯನ್ನು ಹೆಣದ ಕಡೆಯವರೇ ಹಾಕಬೇಕು ಎಂಬ ಕಟ್ಟಳೆಯನ್ನೂ ಅವನೇ ಮಾಡಿದ. ಮಲ್ಲನಿಗೆ ಗಂಡುಮಕ್ಕಳಿರಲಿಲ್ಲ. ಇದ್ದವರು ಹೆಂಡತಿ ಲಿಂಗಮ್ಮ, ಮತ್ತು ಹೊನ್ನಿ ಎಂಬ ಮಗಳು. ಲಿಂಗಮ್ಮನ ಕೈಗೆ ಗುದ್ದಲಿ ಕೊಟ್ಟರು.

"ಒಂದಿನ ತಡೀರಿ ಗೌಡ್ರೆ," ಎಂದಳು ಅವಳು. "ಬೆಳಿಗ್ಗೆ ಮಡಿಕೇರಿ ಬಸ್ಸು ನೆಂದ್ಕೊಂಡು ಬಂತು. ಮಳೆ ಈ ಕಡೀಕೇ ಬತ್ತಾ ಅದೆ."

"ಬಸ್ಸು ನೆಂದ್ರೆ ರಾಗಿ ಮೊಳೀತದೇನಮ್ಮ?" ಎಂದ ಸಣ್ಣಸ್ವಾಮಿ. "ಸತ್ತೋನಿಗೆ ಏನು ನೋವು? ಬದುಕಿರೋರು ನಾವು. ಹಾಕು ಗುದ್ದಲಿ."

ಜನ ನಕ್ಕರು. ಲಿಂಗಮ್ಮ ಗುದ್ದಲಿ ಹಾಕಿದಳು. ಉಳಿದದ್ದನ್ನು ಗಂಡಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿದರು. ಮಲ್ಲನನ್ನು ಬಿದಿರು ತಟ್ಟಿಯ ಮೇಲೆ ಎಳೆದು ಹೊಳೆಗೆ ನೂಕಿದರು. ತಟ್ಟಿ ಒಂದು ಸುತ್ತು ತಿರುಗಿ ಹೋಯಿತು. ಮರುದಿನ ಸಂಜೆ ಮಳೆ ಬಂತು. ಗೌಡ ಮಳೆ ತರಿಸಿದ ಎಂದು ಸುತ್ತಲ ನಾಲ್ಕು ಊರಲ್ಲಿ ಮಾತಾಯಿತು. ಸಣ್ಣಸ್ವಾಮಿಯೂ ಅದನ್ನು ನಂಬಿದ.

ಹೆಣ ತೆಗೆದ ದಿನ ಅವನ ಹೆಂಡತಿ ಮುತ್ತಮ್ಮ ಒಂದು ಬಿಂದಿಗೆ ನೀರು ಹೊತ್ತುಕೊಂಡು ಲಿಂಗಮ್ಮನ ಮನೆಗೆ ಹೋಗಿದ್ದಳು.

"ಸೂತಕದ ಮನೆಗೆ ಯಾಕೆ ಹೋಗಿದ್ದೆ?" ಎಂದು ಅವನು ಗದರಿದ.

"ನೀರು ಕುಡ್ಸಕೆ," ಎಂದಳು. ಅಷ್ಟೇ ಮಾತು.

*

ಮರುವರ್ಷ ಮುತ್ತಮ್ಮನ ಕೆಳತುಟಿಯ ಅಂಚು ಬೆಳ್ಳಗಾಯಿತು. ಎಲೆಯಡಿಕೆಯ ಸುಣ್ಣ ಸುಟ್ಟಿತು ಎಂದು ಕೇಳಿದವರಿಗೆ ಹೇಳಿದಳು. ಸಣ್ಣಸ್ವಾಮಿ ಒಂದು ದಿನ ಅವಳ ಕುಪ್ಪಸದ ತೋಳು ಸರಿಸಿ ನೋಡಿದ. ಅಲ್ಲಿಯೂ ಇತ್ತು. ಸೊಂಟದಲ್ಲಿ ಹುಣಸೆಬೀಜದಷ್ಟು ಮಚ್ಚೆ ಒಂದೂವರೆ ವರ್ಷದಿಂದ ಇದೆ ಎಂದು ಅವಳೇ ಹೇಳಿದಳು.

ಊರಿನವರಿಗೆ ಸಂಬಂಧಿಕರ ಮನೆಗೆಂದು ಹೇಳಿ ಮಡಿಕೇರಿಗೆ ಕರೆದುಕೊಂಡು ಹೋದ. ಡಾಕ್ಟರು ನೋಡಿ, ಇದು ಅಂಟುವುದಲ್ಲ, ನೋವಿಲ್ಲ, ಇದರಿಂದ ಯಾರೂ ಸಾಯುವುದಿಲ್ಲ, ಸುಮ್ಮನಿರಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸಣ್ಣಸ್ವಾಮಿ, "ಸಾಯಕಿಲ್ಲ ಅಂದ್ರಲ್ಲ ಕಣೆ," ಎಂದ.

"ಸತ್ತ ಮೇಲಿಂದು ಕೇಳಿದ್ರಾ?" ಎಂದಳು ಮುತ್ತಮ್ಮ.

ಅವನು ಕಿಟಕಿಯ ಕಡೆ ತಿರುಗಿದ.

"ನನ್ನೂ ಅಗೀತೀರಾ?"

"ಬಾಯ್ ಮುಚ್ಚು. ಬಸ್ಸಲ್ಲಿ ಜನ ಅವ್ರೆ."

ಅವಳು ಬಾಯಿ ಮುಚ್ಚಿದಳು. ಆಮೇಲೆ ಅವರಿಬ್ಬರ ನಡುವೆ ಆ ಮಾತು ಬರಲಿಲ್ಲ. ಅವಳು ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡಳು, ಮುಖಕ್ಕೆ ಕೈಗೆ ದಪ್ಪಗೆ ಅರಿಶಿನ ಹಚ್ಚತೊಡಗಿದಳು. ಗೌಡರ ಮನೆಯ ಮುತ್ತಮ್ಮಕ್ಕ ಲಕ್ಷ್ಮಿಯ ಹಾಗಿದ್ದಾಳೆ ಎಂದು ಊರ ಹೆಂಗಸರು ಹೊಗಳಿದರು.

ಕೊಡಗು ಮೈಸೂರಿಗೆ ಸೇರಿದ ಎರಡನೆಯ ವರ್ಷ, ಮಾಘದಲ್ಲಿ, ಅವಳು ವಿಷಮಶೀತ ಜ್ವರದಿಂದ ಸತ್ತಳು. ಹೆಣಕ್ಕೆ ಸ್ನಾನ ಮಾಡಿಸಲು ಹೆಂಗಸರು ಬಂದರು. ಜ್ವರ ಅಂಟುತ್ತದೆ, ಯಾರೂ ಒಳಗೆ ಬರಬೇಡಿ ಎಂದು ಸಣ್ಣಸ್ವಾಮಿ ಬಾಗಿಲು ಹಾಕಿಕೊಂಡ. ಹೆಣಕ್ಕೆ ತಾನೇ ನೀರು ಹಾಕಿದ. ತೊನ್ನು ಎಷ್ಟು ದೂರ ಹರಡಿದೆ ಎಂದು ಅವನು ನೋಡಿದ್ದು ಆಗಲೇ. ಬೆನ್ನಿನಲ್ಲಿ ಅವಳ ಹಳೆಯ ಬಣ್ಣ ಉಳಿದಿದ್ದುದು ಅಲ್ಲಲ್ಲಿ ಮಾತ್ರ. ಇಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದವಳು. ಕೊನೆಯ ಎರಡು ವರ್ಷ ಅವನು ಅವಳ ಬೆನ್ನು ನೋಡಿರಲಿಲ್ಲ, ಅವಳು ತೋರಿಸಿರಲಿಲ್ಲ.

ಸುಟ್ಟರೆ ಯಾಕೆ ಸುಟ್ಟೆ ಎಂದು ಕೇಳುತ್ತಾರೆ. ಮಗಳು ಮಾದೇವಿಗೆ ಸೋಮವಾರಪೇಟೆಯ ಕಡೆ ಸಂಬಂಧ ಗೊತ್ತಾಗಿತ್ತು. ತಾಯಿಗೆ ತೊನ್ನು ಎಂದರೆ ಯಾರೂ ಹೆಣ್ಣು ತರುವುದಿಲ್ಲ. ಹಾಗಾಗಿ ಹೂತ. ನರಿ ಅಗೆಯದಿರಲೆಂದು ಹೊಳೆಯಿಂದ ತಾನೇ ಕಲ್ಲು ಹೊತ್ತು ತಂದು ಮೇಲೆ ಜೋಡಿಸಿದ. ಹೆಂಡತಿಯ ಮೇಲೆ ಇಷ್ಟು ಪ್ರೀತಿ ಇತ್ತೇ ಈ ಕಲ್ಲೆದೆಯವನಿಗೆ ಎಂದು ಜನ ಆಶ್ಚರ್ಯಪಟ್ಟರು.

ಅಂದಿನಿಂದ ಪ್ರತಿ ಸೋಮವಾರ ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸತೊಡಗಿದ. ಕೇಳುತ್ತಿದ್ದುದು ಮಳೆಯನ್ನಲ್ಲ, ಬೆಳೆಯನ್ನಲ್ಲ. ಯಾರಿಗೂ ತಿಳಿಯದಿರಲಿ ಎಂದು.

*

ಆ ವರ್ಷ ರೋಹಿಣಿ ಒಣಗಿ ಹೋಯಿತು. ಮೃಗಶಿರ ಬಂದಾಗ ನಾಲ್ಕು ಹನಿ ಬಿದ್ದು ಧೂಳು ಎದ್ದಿತು. ಆರಿದ್ರಾ ಹುಟ್ಟಿತು. ಪಡುವಲಲ್ಲಿ ಕಪ್ಪು ಮೋಡ ಬೆಟ್ಟದ ಮೇಲೆ ಕೂತಿರುವುದು ದಿನವೂ ಕಾಣುತ್ತಿತ್ತು. ಹೊಳೆ ತುಂಬಿತ್ತು. ಹೊಲ ಉತ್ತು ಬಿಟ್ಟಿದ್ದವರು ಹೆಂಟೆ ಒದೆಯುತ್ತ ಓಡಾಡುತ್ತಿದ್ದರು.

ಸಣ್ಣಸ್ವಾಮಿಗೆ ಕಾರಣ ಗೊತ್ತಿತ್ತು. ಅವನು ನಂಬಿಕೆ ಬಿಟ್ಟವನಲ್ಲ. ಮೋಡವನ್ನು ಹಿಡಿದು ನಿಲ್ಲಿಸಿರುವವಳು ತನ್ನ ಹೆಂಡತಿಯೇ ಎಂದು ಅವನಿಗೆ ಖಚಿತವಾಗಿತ್ತು. ಹೊಲದಲ್ಲಿ ನಿಂತು ಪಡುವಲು ನೋಡುವಾಗ ಊರಿನವರ ಹಸಿವನ್ನೆಲ್ಲ ತಾನು ಅಡಗಿಸಿಟ್ಟುಕೊಂಡ ಹಾಗೆ ಅನ್ನಿಸುತ್ತಿತ್ತು.

ಅರಳಿಕಟ್ಟೆಯ ಮೇಲೆ ಊರು ಸೇರಿತು. ಮಾತು ತೆಗೆದವನು ನಾಗರಾಜು. ಮೂವತ್ತು ದಾಟದ ವಯಸ್ಸು, ಪಂಚಾಯ್ತಿಗೆ ನಿಲ್ಲುವ ಆಸೆ.

"ಯಾರೋ ಒಬ್ರು ಮಣ್ಣಲ್ಲವ್ರೆ," ಎಂದ. "ಹೋದ ಮಳೆಗಾಲದಿಂದ ಈಚೆಗೆ ಸತ್ತೋರು ಯಾರ್ಯಾರು, ಹೇಳ್ಕೊಂಡ್ ಬನ್ನಿ."

ಒಬ್ಬೊಬ್ಬರ ಹೆಸರು ಬಂತು. ಮುತ್ತಮ್ಮನ ಹೆಸರು ಬಂದಾಗ ಹೋಟೆಲಿನ ನಂಜಪ್ಪ, "ಅಕ್ಕಂಗೆ ಜ್ವರ ಕಣಯ್ಯ. ಆ ಮಾತ ಬುಡಿ," ಎಂದು ಸಣ್ಣಸ್ವಾಮಿಯ ಮುಖ ನೋಡಿ ತಲೆ ತಗ್ಗಿಸಿದ. ಮುಂದಿನ ಹೆಸರು ಹೊನ್ನಿಯದು. ಲಿಂಗಮ್ಮನ ಮಗಳು ಹಿಂದಿನ ದೀಪಾವಳಿಯ ಹೊತ್ತಿಗೆ ವಾಂತಿಭೇದಿಯಾಗಿ ಸತ್ತಿದ್ದಳು.

"ಅವಳ ಎಡಗೈ ಬೆಳ್ಳಗಿರ್ಲಿಲ್ವಾ?" ಎಂದ ನಾಗರಾಜು.

ಕಟ್ಟೆಯ ಕೆಳಗೆ ಹೆಂಗಸರ ಸಾಲಿನಲ್ಲಿ ಕೂತಿದ್ದ ಲಿಂಗಮ್ಮ ಎದ್ದು ನಿಂತಳು. "ಅದು ಗಂಜಿ ಬಿದ್ದು ಸುಟ್ಟಿದ್ದು. ಕೂಸಾಗಿದ್ದಾಗ. ನಿಮ್ಮವ್ವನೇ ಜೇನುತುಪ್ಪ ಹಚ್ಚಿದ್ಲಲ್ಲೋ ನಾಗರಾಜ."

"ನಮ್ಮವ್ವ ಮ್ಯಾಲಿಂದ ಇಳಿದು ಸಾಕ್ಷಿ ಹೇಳ್ತಾಳಾ?"

ಒಂದಿಬ್ಬರು ನಕ್ಕರು.

"ಅಪ್ಪಂಗಿತ್ತು. ಮಗೀಗೆ ಬರದೆ ಇದ್ದಾದಾ?" ಎಂದಿತು ಇನ್ನೊಂದು ದನಿ.

ಎಲ್ಲರೂ ಸಣ್ಣಸ್ವಾಮಿಯ ಕಡೆ ನೋಡಿದರು. ಹೊನ್ನಿಯ ಕೈ ಸುಟ್ಟದ್ದು ಅವನಿಗೂ ಗೊತ್ತಿತ್ತು. ಮಗುವನ್ನು ಕುಶಾಲನಗರದ ಆಸ್ಪತ್ರೆಗೆ ಹಾಕಿಕೊಂಡು ಹೋದದ್ದು ಅವನದೇ ಗಾಡಿ. ಅವನು ಟವೆಲಿನಿಂದ ಕತ್ತು ಒರೆಸಿಕೊಂಡ.

"ನಾಳೆ ನೋಡಾನ," ಎಂದ.

ಆ ಊರಿನಲ್ಲಿ ಅದು ಒಪ್ಪಿಗೆಯ ಮಾತು. ಜನ ಏಳತೊಡಗಿದರು. ಲಿಂಗಮ್ಮ ಕೂಗಾಡಲಿಲ್ಲ, ಮಣ್ಣು ತೂರಲಿಲ್ಲ. ನಿಂತಲ್ಲಿಂದಲೇ ಕೇಳಿದಳು.

"ಮೊದಲ ಗುದ್ದಲಿ ನಾನೇ ಹಾಕ್ಬೇಕಾ ಗೌಡ್ರೆ? ಹೋದ್ಸಲದಂಗೆ?"

"ಇನ್ಯಾರು ಹಾಕ್ತಾರಮ್ಮ, ಕಟ್ಟಳೆ ಕಟ್ಟಳೇನೇ," ಎಂದ ನಾಗರಾಜು.

ಲಿಂಗಮ್ಮ ಇನ್ನೂ ಸಣ್ಣಸ್ವಾಮಿಯನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಶಾಪವೂ ಇರಲಿಲ್ಲ. ಏನಿತ್ತೆಂದು ಅವನಿಗೆ ಆಗ ತಿಳಿಯಲಿಲ್ಲ. ಅವಳು ಸೆರಗು ಬಿಗಿದುಕೊಂಡು ಮನೆಯ ಕಡೆ ನಡೆದಳು.

ಊಟಕ್ಕೆ ಕೂತಾಗ ಅವನು ಮಾದೇವಿಗೆ ಹೇಳಿದ. "ನಿಮ್ಮವ್ವಂದು ಹೇಳ್ಬುಡಾನ ಅಂತಿದೀನಿ."

ಸಾರು ಬಡಿಸುತ್ತಿದ್ದ ಕೈ ನಿಂತಿತು. ತಾಯಿಯ ಕುಪ್ಪಸಗಳನ್ನು ಹೊಲಿದವಳೇ ಅವಳು. ಅವಳಿಗೆ ಎಲ್ಲ ಗೊತ್ತಿತ್ತು.

"ಹೇಳಿದ್ರೆ ಸೋಮವಾರಪೇಟೆಯೋರು ಬತ್ತಾರಾ?"

"ಬರಕಿಲ್ಲ."

"ಸತ್ತೋರಿಗೆ ಏನು ನೋವಪ್ಪ? ಹೊನ್ನಿಗೆ ಈಗ ಕೈ ಉರೀತದಾ? ಬದುಕಿರೋಳು ನಾನು."

ಮಾತು ಅವನದೇ. ಮಲ್ಲನ ಗುಂಡಿಯ ಮುಂದೆ ನಿಂತು ಅವನು ಆಡಿದ್ದನ್ನು ಇಡೀ ಊರು ಇನ್ನೂ ಹೇಳಿಕೊಳ್ಳುತ್ತಿತ್ತು. ಅವನು ಅರ್ಧ ಮುದ್ದೆ ಬಿಟ್ಟು ಎದ್ದ. ನಿರ್ಧಾರ ಏನೂ ಆಗಿರಲಿಲ್ಲ.

*

ಬೆಳಿಗ್ಗೆ ನಂಜಪ್ಪನ ಹೋಟೆಲಿನ ಮುಂದೆ ಮಡಿಕೇರಿ ಬಸ್ಸು ನಿಂತಿತು. ಮೇಲಿನ ಟಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಡ್ರೈವರು ಇಳಿದು ಟೀ ಕೇಳಿದ. "ಸುಂಟಿಕೊಪ್ಪದಲ್ಲಿ ಏನ್ ಹೊಯ್ತಾ ಅದೆ ಮಾರಾಯ್ರೆ! ಗ್ಲಾಸು ಒರೆಸಿ ಒರೆಸಿ ಕೈ ಬಿದ್ದೋಯ್ತು." ಸಣ್ಣಸ್ವಾಮಿ ಬೆಂಚಿನ ಮೇಲೆ ಕೂತು ಆ ಟಾರ್ಪಾಲನ್ನೇ ನೋಡಿದ. ಬಸ್ಸು ಹೋದ ಮೇಲೂ ಅದು ನಿಂತಿದ್ದ ಜಾಗದಲ್ಲಿ ಒದ್ದೆ ಮಣ್ಣು ಉಳಿದಿತ್ತು.

ಹೊತ್ತು ಇಳಿಯುವಾಗ ಗಂಡಸರೆಲ್ಲ ಗೋಮಾಳದ ಮೂಲೆಯ ಸ್ಮಶಾನಕ್ಕೆ ಹೋದರು. ಹೊಂಗೆ ಮರದ ಈಚೆಗೆ ಹೊನ್ನಿಯ ಗುಂಡಿ, ಆಚೆಗೆ ಕಲ್ಲು ಜೋಡಿಸಿದ ಮುತ್ತಮ್ಮನದು. ಅಲ್ಲೇ ಮಲ್ಲನನ್ನು ತೆಗೆದ ಹಳ್ಳ ಹಾಗೇ ತೆರೆದು ಬಿದ್ದಿತ್ತು. ಲಂಟಾನ ಬೆಳೆದು ಅರ್ಧ ಮುಚ್ಚಿತ್ತು.

ಲಿಂಗಮ್ಮನನ್ನು ಕರೆತರಲು ಆಳು ಕಳಿಸಬೇಕೇ ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಅವಳೇ ಹೊಲದ ಬದುವಿನ ಮೇಲೆ ಬರುತ್ತಿರುವುದು ಕಂಡಿತು. ಹೆಗಲ ಮೇಲೆ ಗುದ್ದಲಿ. ಹತ್ತಿರ ಬಂದು ಇಳಿಸಿದಳು. ಮರದ ಕಾವು ಅಲಗಿಗೆ ಸೇರುವ ಕಡೆಯಿಂದ ನೀರು ಇಳಿಯುತ್ತಿತ್ತು.

"ಕಾವು ಸಡಿಲಾಗಿತ್ತು," ಎಂದಳು, ತಡವಾದದ್ದಕ್ಕೆ ಕಾರಣ ಹೇಳುವ ಹಾಗೆ. "ಬಿಸಿಲಿಗೆ ಒಣಗಿ. ನೆನೆಹಾಕಿದ್ದೆ." ಆಮೇಲೆ ಹೊನ್ನಿಯ ಗುಂಡಿಯ ಸುತ್ತ ಒಮ್ಮೆ ನೋಡಿದಳು. "ಯಾವ ಕಡೆಯಿಂದ ಹಾಕ್ಲಿ? ಕಾಲ ಕಡೆಯಿಂದ ಹಾಕ್ತೀನಿ. ತಲೆ ಕಡೆ ಬ್ಯಾಡ."

ಅವಳು ಗುದ್ದಲಿ ಎತ್ತಿದಳು.

ಹೊಲಕ್ಕೆ ಹೋಗುವ ಆಳು ಗುದ್ದಲಿ ಜಾರದಿರಲೆಂದು ಹಿಂದಿನ ದಿನವೇ ಕಾವು ನೆನೆಹಾಕುವುದು ದಿನನಿತ್ಯದ ಕೆಲಸ. ಸಣ್ಣಸ್ವಾಮಿ ಸಾವಿರ ಸಲ ಮಾಡಿದ್ದಾನೆ. ಮಗಳ ಗುಂಡಿ ತೆಗೆಯಲು ಅದನ್ನು ನೆನೆಹಾಕಿ ಈ ಹೆಂಗಸು ಮಲಗಿದ್ದಳು. ಎದ್ದು, ಬಿಗಿಯಾಯಿತೇ ಎಂದು ಅಲ್ಲಾಡಿಸಿ ನೋಡಿದ್ದಳು. ಮಾತು ಅವನ ಅಪ್ಪಣೆ ಕೇಳದೆ ಹೊರಗೆ ಬಂತು.

"ಅವಳ್ನ ಬುಡಿ. ಹೊನ್ನಿಗೆ ತೊನ್ನಿರಲಿಲ್ಲ. ಇದ್ದದ್ದು ಮುತ್ತಮ್ಮಂಗೆ."

ಲಿಂಗಮ್ಮ ಗುದ್ದಲಿ ಇಳಿಸಿದಳು.

"ಯಾವ ಮುತ್ತಮ್ಮಂಗೆ?" ಎಂದ ನಂಜಪ್ಪ, ಪೆದ್ದನ ಹಾಗೆ.

"ನನ್ನ ಹೆಂಡ್ತಿಗೆ. ಸೊಂಟ, ಬೆನ್ನು, ತುಟಿ. ನಾನೇ ನೀರು ಹಾಕ್ದೆ. ಜ್ವರ ಅಂಟ್ತದೆ ಅಂದಿದ್ದು ಸುಳ್ಳು."

ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗದ್ದಲವೆದ್ದಿತು. ಇಪ್ಪತ್ತು ವರ್ಷ ಗೌಡ್ರೆ ಎಂದು ಕರೆದವರ ಬಾಯಲ್ಲಿ ಒಂದೇ ಗಳಿಗೆಯಲ್ಲಿ ಏಕವಚನ ಬಂತು.

"ನಮ್ಮ ಮಕ್ಕಳ ಅನ್ನಕ್ಕೆ ಮಣ್ಣು ಹಾಕ್ದಲ್ಲಯ್ಯ!"

"ಗೊತ್ತಿದ್ದೂ ಹೂತ್ಯಾ? ನೀನು? ಮಲ್ಲನ್ನ ಎಳೆಸಿದೋನು?"

ಸಣ್ಣಸ್ವಾಮಿ ಕೈ ಎತ್ತಿದ. "ತೆಗೀಬ್ಯಾಡಿ ಅನ್ನಕಿಲ್ಲ. ಒಂದಿನ ತಡೀರಿ. ಬಸ್ಸು ನೆಂದು ಬಂದದೆ. ಸುಂಟಿಕೊಪ್ಪದಲ್ಲಿ ಹೊಯ್ತಾ ಅದಂತೆ."

"ಬಸ್ಸು ನೆಂದ್ರೆ ರಾಗಿ ಮೊಳೀತದಾ?" ಎಂದ ನಾಗರಾಜು.

ಒಬ್ಬ ಫಕ್ಕನೆ ನಕ್ಕ. ಅದು ಯಾರ ಮಾತೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾಗರಾಜು ಲಿಂಗಮ್ಮನ ಕೈಯಿಂದ ಗುದ್ದಲಿ ತೆಗೆದುಕೊಂಡು ಸಣ್ಣಸ್ವಾಮಿಯ ಮುಂದೆ ಹಿಡಿದ. "ಮೊದಲ ಗುದ್ದಲಿ ಹೆಣದ ಕಡೆಯೋರ್ದು. ನಿಂದೇ ಕಟ್ಟಳೆ."

ಕಾವು ಇನ್ನೂ ತಣ್ಣಗಿತ್ತು.

ಕಲ್ಲುಗಳನ್ನು ಅವನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟ. ಬೇಗ ಮುಗಿಸು ಎಂದು ಯಾರಾದರೂ ಬೈಯುತ್ತಾರೆ ಎಂದುಕೊಂಡ, ಬೈಯಲಿಲ್ಲ. ಕಾಲ ಕಡೆ ನಿಂತು ಗುದ್ದಲಿ ಹಾಕಿದ. ನೆಲ ಹೆಂಚಿನಷ್ಟು ಗಟ್ಟಿ. ಎರಡು ಬೆರಳಿನಷ್ಟು ಮಣ್ಣು ಎದ್ದಿತು. ಆಮೇಲೆ ಉಳಿದವರು ಹಾರೆ, ಗುದ್ದಲಿ ಹಿಡಿದು ಇಳಿದರು. ಅವನನ್ನು ಪಕ್ಕಕ್ಕೆ ತಳ್ಳಿದರು. ಅವನು ಹೊಂಗೆಯ ಬೊಡ್ಡೆಗೆ ಒರಗಿ ನಿಂತ. ಹಿಂದೆ ಇದೇ ಮರಕ್ಕೆ ಒರಗಿ ಲಿಂಗಮ್ಮ ನಿಂತಿದ್ದಳು. ಅವಳಿಗೆ ಇಲ್ಲಿಂದ ಏನೇನು ಕಂಡಿರಬೇಕು ಎಂದು ಅವನಿಗೆ ಈಗ ತಿಳಿಯಿತು. ಬಗ್ಗಿದ ಬೆನ್ನುಗಳ ನಡುವಿನ ಸಂದಿಯಲ್ಲಿ ಎಲ್ಲವೂ ಕಾಣುತ್ತಿತ್ತು.

ಮೊಳಕಾಲುದ್ದ ಇಳಿದಿರಬೇಕು. ಪಡುವಲಿಂದ ಗಾಳಿ ಎದ್ದು ಹೊಂಗೆಯ ಎಲೆಗಳನ್ನು ಮಗುಚಿತು. ಕತ್ತಲಾದ ಹಾಗಾಯಿತು. ಮೊದಲ ಹನಿಗಳು ದೂರದೂರ ಬಿದ್ದವು, ಆಮೇಲೆ ಹತ್ತಿರ, ಆಮೇಲೆ ಲೆಕ್ಕವಿಲ್ಲದೆ. ಗುಂಡಿಯಲ್ಲಿದ್ದವರು ತಲೆಯೆತ್ತಿದರು.

"ಬಂತು! ಬಂತು ಕಣ್ರಲಾ!"

"ಮುಟ್ಟಿದ್ದಕ್ಕೇ ಬಂತು ನೋಡ್ರಿ!" ಎಂದು ನಾಗರಾಜು ಕುಣಿದ. "ಅಕ್ಕನ್ನ ಮುಟ್ಟಿದ್ದಕ್ಕೇ!"

"ಪೂರ್ತಿ ತೆಗೀಬೇಕಲ್ವಾ?" ಎಂದ ಒಬ್ಬ. "ಅರ್ಧಕ್ಕೆ ಬುಟ್ರೆ—"

"ಅಯ್ಯೋ, ಬಂದ ಮೇಲೆ ಇನ್ಯಾಕಲಾ? ಹದ ಹೋದ್ರೆ ನಿಮ್ಮಪ್ಪ ತತ್ತಾನಾ? ಬೀಜ ಹೊರಕ್ಕೆ ತೆಗೀ ಹೋಗು!"

ಹಾರೆಗಳನ್ನು ಹೆಗಲಿಗೇರಿಸಿ, ಮಕ್ಕಳ ಹಾಗೆ ಕೇಕೆ ಹಾಕುತ್ತ, ಅವರು ಊರಿನ ಕಡೆ ಓಡಿದರು. ಸಣ್ಣಸ್ವಾಮಿಯನ್ನು ಯಾರೂ ತಿರುಗಿ ನೋಡಲಿಲ್ಲ. ಅವರಿಗೆ ಸಿಟ್ಟೂ ಉಳಿದಿರಲಿಲ್ಲ.

ಅವನು ಗುಂಡಿಯ ಅಂಚಿಗೆ ಬಂದು ಕೂತ. ಕೆಳಗೆ ಇನ್ನೂ ಮೂರು ಅಡಿ ಮಣ್ಣಿತ್ತು. ಅದರ ಕೆಳಗೆ ಅವಳಿದ್ದಳು, ಅವನು ಇಟ್ಟ ಹಾಗೆಯೇ. ಮೇಲೆ ಮಳೆ ಹೊಡೆಯುತ್ತಿತ್ತು. ಮೋಡ ಅವಳನ್ನು ಕಂಡು ಹಿಂದಕ್ಕೆ ಹೋಗಿರಲಿಲ್ಲ. ಸುಂಟಿಕೊಪ್ಪದಿಂದ ಬಸ್ಸಿನ ಹಿಂದೆ ಬಂದಿತ್ತು, ತನ್ನ ಹೊತ್ತಿಗೆ ತಾನು. ಇದು ಅರ್ಥವಾದ ಕೂಡಲೇ ಅದರ ಬೆನ್ನಿಗೆ ಇನ್ನೊಂದು ಅರ್ಥವಾಯಿತು. ಅವನು ಲಂಟಾನ ಬೆಳೆದ ಆ ಹಳ್ಳದ ಕಡೆ ನೋಡಿದ. ನೋಡಿ, ಮುಖ ತಿರುಗಿಸಲು ಹೋಗಿ, ತಿರುಗಿಸಲಿಲ್ಲ.

ಮಣ್ಣು ಜಾರಿದ ಸದ್ದಾಯಿತು. ಲಿಂಗಮ್ಮ ಓಡಿಹೋಗಿರಲಿಲ್ಲ. ತನ್ನ ಗುದ್ದಲಿಯಿಂದ ಮೇಲಿದ್ದ ಮಣ್ಣನ್ನು ಗುಂಡಿಗೆ ಎಳೆಯುತ್ತಿದ್ದಳು.

"ಮಣ್ಣು ಎಳೀರಿ ಗೌಡ್ರೆ. ನೀರು ನಿಲ್ತಾ ಅದೆ."

ಅವನು ಕೈಯಿಂದಲೇ ಎಳೆದ.

"ಇವಳು ಒಳಗೇ ಅವಳೆ," ಎಂದ ಕೊನೆಗೆ. "ಮಳೆ ಬಂತು."

"ಹೂಂ."

"ಹಂಗಾದ್ರೆ ಮಲ್ಲ..."

"ಹೂಂ," ಎಂದಳು, ಕೈ ನಿಲ್ಲಿಸದೆ. "ನಂಗೆ ಅವತ್ತೇ ಗೊತ್ತಿತ್ತು. ಮುತ್ತಕ್ಕಂದೂ ಗೊತ್ತಿತ್ತು."

ಅವನ ಕೈ ನಿಂತಿತು.

"ಅವತ್ತು ನೀರು ತಂದ್ಲಲ್ಲ. ಕುಡಿಸಿ, ಸೀರೆ ಸರಿಸಿ ತೋರ್ಸಿದ್ಲು, ಸೊಂಟದ ತಾವ. ‘ನಾಳೆ ನಂಗೂ ಇದೇ ಕಣೆ ಲಿಂಗಿ’ ಅಂದ್ಲು. ಇಬ್ರೂ ಅತ್ತೋ."

ಮಲ್ಲನ ಹೆಣವನ್ನು ಎಳೆಯುವುದನ್ನು ಮುತ್ತಮ್ಮ ಜಗಲಿಯಿಂದ ನೋಡುತ್ತ ನಿಂತಿದ್ದಳು. ಅಂದು ರಾತ್ರಿ ಅವನಿಗೆ ಬಿಸಿ ನೀರು ಕಾಯಿಸಿ ಕೊಟ್ಟಿದ್ದಳು. ಒಳ್ಳೆಯ ಕೆಲಸ ಮಾಡಿ ಬಂದೆನೆಂದು ಅವನು ಎರಡು ಮುದ್ದೆ ಉಂಡಿದ್ದ.

"ಗೊತ್ತಿದ್ದೂ ನಿನ್ನೆ ಕಟ್ಟೆ ತಾವ ಯಾಕೆ ಹೇಳ್ಲಿಲ್ಲ ನೀನು? ನಿನ್ನ ಮಗಳ್ನ ಅಗೀತಿದ್ರಲ್ಲ."

ಲಿಂಗಮ್ಮ ಗುದ್ದಲಿ ಊರಿ ಅವನನ್ನು ನೋಡಿದಳು. ಕಟ್ಟೆಯ ಬಳಿ ನೋಡಿದ್ದಳಲ್ಲ, ಅದೇ ನೋಟ.

"ಹೇಳಿ? ಅವಳ್ನ ಅಗಿಸ್ಲಾ?"

ಗಂಡಸು ಅಳುವುದನ್ನು ಅವನು ಹೇಡಿತನವೆಂದು ತಿಳಿದಿದ್ದ. ಈಗ ತಾನು ಅಳುತ್ತಿದ್ದಾನೋ ಇಲ್ಲವೋ ಮಳೆಯಲ್ಲಿ ಅವನಿಗೇ ಗೊತ್ತಾಗಲಿಲ್ಲ. "ತಪ್ಪಾಯ್ತು ಲಿಂಗಮ್ಮ," ಎಂದ. "ನಂದು ತಪ್ಪಾಯ್ತು."

"ಅದೆಲ್ಲ ಈಗ ಬ್ಯಾಡ," ಎಂದಳು ಅವಳು. "ಕಲ್ಲು ತನ್ನಿ. ನರಿ ಬತ್ತವೆ."

ಕಲ್ಲು ಜೋಡಿಸುವ ಹೊತ್ತಿಗೆ ಹೊಲಗಳ ಕಡೆಯಿಂದ ಎತ್ತುಗಳನ್ನು ಹೊಡೆಯುವ ಕೂಗು ಕೇಳುತ್ತಿತ್ತು.

*

ಮುಂದಿನ ಸೋಮವಾರ ಅವನು ಗುಡಿಗೆ ಹೋದ. ಕಾಯಿ ಒಯ್ಯಲಿಲ್ಲ. ಏನೂ ಕೇಳಲಿಲ್ಲ. ಕೇಳಲು ಏನೂ ಉಳಿದಿರಲಿಲ್ಲ, ಮುಚ್ಚಿಡಲೂ. ಬಸವಣ್ಣನ ಮುಂದೆ ಹೀಗೆ ಬರಿಗೈಯಲ್ಲಿ ನಿಲ್ಲುವುದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. ಹಗುರವೇನೂ ಅನ್ನಿಸಲಿಲ್ಲ. ಆದರೆ ಸುಳ್ಳು ಅನ್ನಿಸಲಿಲ್ಲ. ಅಲ್ಲಿಂದ ನೇರವಾಗಿ ಸ್ಮಶಾನಕ್ಕೆ ಹೋಗಿ ಲಂಟಾನ ಕಡಿದು, ಮಲ್ಲನ ಹಳ್ಳಕ್ಕೆ ಮಣ್ಣು ತುಂಬಿ ಕಲ್ಲು ಇಟ್ಟ. ಒಳಗೆ ಯಾರೂ ಇಲ್ಲದ ಗುಂಡಿಗೆ ಕಲ್ಲು ಇಡುವವನಿಗೆ ತಲೆ ಕೆಟ್ಟಿದೆ ಎಂದು ಜನ ಹೇಳಿಕೊಂಡರು. ಲಿಂಗಮ್ಮ ಮಾತ್ರ ಮಲ್ಲನ ಹೆಸರಿನಲ್ಲಿ ಎಡೆ ಇಡುವ ದಿನ ಅಲ್ಲಿಗೆ ಬಂದು ಇಟ್ಟು ಹೋದಳು.

ಎರಡು ವರ್ಷದ ಮೇಲೆ ಮತ್ತೆ ಮಳೆ ತಡವಾಯಿತು. ಜನ ಮತ್ತೊಂದು ಗುಂಡಿಗೆ ಹೊರಟರು, ನಾಗರಾಜು ಮುಂದೆ. ಅವರು ಹೋಗುವಷ್ಟರಲ್ಲಿ ಸಣ್ಣಸ್ವಾಮಿ ಅದರ ಮೇಲೆ ಕೂತಿದ್ದ. ಪಕ್ಕದಲ್ಲಿ ಲಿಂಗಮ್ಮ. ಅವರಿಬ್ಬರನ್ನೂ ಎಳೆದು ಹಾಕಿದರು. ಅವನ ಎಡಗೈ ಮುರಿಯಿತು. ಗುಂಡಿ ತೆಗೆದರು. ಮಳೆ ಹನ್ನೊಂದು ದಿನ ಬರಲಿಲ್ಲ. ಮುಂದೊಮ್ಮೆ ಮತ್ತೆ ಹೊರಟಾಗ ಅರ್ಧ ಜನ ಮನೆಯಿಂದ ಏಳಲಿಲ್ಲ. ಆಮೇಲೆ ಆ ಊರಿನಲ್ಲಿ ಅದು ನಿಂತು ಹೋಯಿತು, ಯಾರೂ ನಿಲ್ಲಿಸಿದೆವೆಂದು ಹೇಳಿಕೊಳ್ಳದೆ.

ಕಳೆದುಕೊಂಡವರು ಇಷ್ಟು. ಸಣ್ಣಸ್ವಾಮಿ ಯಜಮಾನಿಕೆಯನ್ನು ಕಳೆದುಕೊಂಡ. ಮಾದೇವಿ ಗೊತ್ತಾಗಿದ್ದ ಸಂಬಂಧವನ್ನು ಕಳೆದುಕೊಂಡಳು, ಬೇರೆ ಬರಲಿಲ್ಲ. ಸಣ್ಣಸ್ವಾಮಿ ಹೆಂಡತಿಯನ್ನು ಒಂದು ಸಲ ಕಳೆದುಕೊಂಡ. ಲಿಂಗಮ್ಮ ಮಗಳನ್ನು ಒಂದು ಸಲ, ಗಂಡನನ್ನು ಎರಡು ಸಲ.